ಅಬ್ಬಲೂರಿನ ಕಲ್ಲು ಮತ್ತು ಕಲ್ಯಾಣದ ನಾಟಕ

ಸುಗ್ಗಿ ಮುಗಿದು ಜಾತ್ರೆಗಳು ಮೊದಲಾಗುವ ದಿನಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಊರುಗಳಿಗೆ ನಾಟಕವು ಹೊಸ ಅತಿಥಿಯೇನೂ ಅಲ್ಲ. ದೊಡ್ಡಾಟದ ಅಟ್ಟ, ವೃತ್ತಿ ಕಂಪನಿಗಳ ತಗಡಿನ ಥಿಯೇಟರು, ಹಳ್ಳಿಯ ತರುಣರೇ ಚಂದಾ ಎತ್ತಿ ಕಟ್ಟುವ ರಂಗಸಜ್ಜಿಕೆ, ಈ ಮೂರನ್ನೂ ಈ ಸೀಮೆ ಬಲ್ಲದು. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಚಿಕ್ಕ ಹಳ್ಳಿಯೊಂದು ಗಜಾನನ ಯುವಕ ಮಂಡಳದ ಮೂಲಕ ನಾಡಿನ ಹವ್ಯಾಸಿ ರಂಗಭೂಮಿಯಲ್ಲಿ ಹೆಸರು ಪಡೆದುದು ಆಕಸ್ಮಿಕವಲ್ಲ. ಇಲ್ಲಿಯ ಜನ ನಾಟಕವನ್ನು ಸುಮ್ಮನೆ ಕುಳಿತು ನೋಡುವವರಲ್ಲ. ಮೆಚ್ಚಿದರೆ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಆಹೇರಿ ಮಾಡುತ್ತಾರೆ. ಖಳನಾಯಕನನ್ನು ಮನಸಾರೆ ಬೈಯುತ್ತಾರೆ.

ಪೌರಾಣಿಕ ನಾಟಕವನ್ನು ನೋಡುವಾಗ ಈ ಉತ್ಸಾಹದಿಂದ ಯಾರಿಗೂ ಕೇಡಿಲ್ಲ. ದುರ್ಯೋಧನನನ್ನು ಬೈದರೆ ನೊಂದುಕೊಳ್ಳುವ ಅವನ ವಂಶದವರು ಸಭೆಯಲ್ಲಿರುವುದಿಲ್ಲ. ಐತಿಹಾಸಿಕ ನಾಟಕದ ಮಾತು ಬೇರೆ. ಅಲ್ಲಿ ರಂಗದ ಮೇಲೆ ಗೆದ್ದವರ ಪರಂಪರೆಯವರೂ ಸೋತವರ ಪರಂಪರೆಯವರೂ ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಈ ಸೀಮೆಯಲ್ಲಿ ಅದಕ್ಕೆ ಅತ್ಯಂತ ಸಮೀಪದ ನಿದರ್ಶನವೆಂದರೆ ಕಲ್ಯಾಣದ ಕಥೆ, ಬಸವೇಶ್ವರ ಮತ್ತು ಬಿಜ್ಜಳರ ಕಥೆ.

ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ವು ಉತ್ತರ ಕರ್ನಾಟಕದಲ್ಲಿ ಪಡೆದ ಜನಾದರಣೆ ಪ್ರಸಿದ್ಧವಾದುದು. ಬಸವಣ್ಣನ ಪಾತ್ರದಲ್ಲಿದ್ದ ಬಾಳಪ್ಪನವರಿಗೆ ಜನರು ಭಕ್ತಿಯಿಂದ ಕೈಮುಗಿಯುತ್ತಿದ್ದರೆಂಬುದು ಆ ಕಾಲದ ರಂಗಭೂಮಿಯ ನೆನಪುಗಳಲ್ಲಿ ಉಳಿದುಬಂದ ಮಾತು. ನಟನಲ್ಲಿ ಶರಣನನ್ನೇ ಕಾಣುವ ಈ ಮುಗ್ಧತೆಯನ್ನು ನಗೆಯಾಡಬೇಕಾಗಿಲ್ಲ; ಅದು ಒಂದು ದೊಡ್ಡ ಗುಣವೇ ಸರಿ. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಬಸವಣ್ಣನ ವೇಷಕ್ಕೆ ಕೈಮುಗಿಯುವ ಮನಸ್ಸು ಬಿಜ್ಜಳನ ವೇಷವನ್ನು ನಿಜವಾದ ಬಿಜ್ಜಳನೆಂದೇ ನಂಬಿ ಹಗೆಯಿಂದ ನೋಡುತ್ತದೆ. ಬಿಜ್ಜಳನನ್ನು ಜೈನನೆಂದು ಬಣ್ಣಿಸಿದ ಪ್ರಯೋಗವನ್ನು ನೋಡುತ್ತ ಕುಳಿತ ಶ್ರಾವಕ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಅರಸನ ಪತನಕ್ಕೆ ಸಭೆಯೆಲ್ಲ ಚಪ್ಪಾಳೆ ತಟ್ಟುವಾಗ ಆ ಕುಟುಂಬ ಏನು ಮಾಡಬೇಕು? ತಾನೂ ತಟ್ಟಬೇಕೆ? ಎದ್ದು ಹೋಗಬೇಕೆ? ಪಕ್ಕದಲ್ಲಿ ಕುಳಿತವನು ನಿತ್ಯ ಹೊಲದಲ್ಲಿ, ಅಂಗಡಿಯಲ್ಲಿ ಜೊತೆಗಿರುವ ನೆರೆಯವನೇ ಆಗಿರುವುದರಿಂದ ಈ ಪ್ರಶ್ನೆ ಹಗುರವಾದುದಲ್ಲ.

ಉತ್ತರವನ್ನು ಹುಡುಕುವ ಮೊದಲು ಈ ಸೀಮೆಯಲ್ಲಿಯೇ ಇರುವ, ಎಂಟುನೂರು ವರ್ಷಗಳಿಂದ ತೆರೆ ಬೀಳದ ಒಂದು ನಾಟಕವನ್ನು ನೋಡಬೇಕು. ಅದು ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿದೆ. ಸರ್ವಜ್ಞನ ಊರೆಂದು ಜನರು ಹೇಳುವ ಅಬಲೂರು ಇದೇ. ಇಲ್ಲಿಯ ಶಾಸನಗಳನ್ನು ಜೆ. ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ (1898–99) ಸಂಪಾದಿಸಿ ಪ್ರಕಟಿಸಿದರು. ಅವುಗಳಲ್ಲಿ ಮುಖ್ಯವಾದುದು ಕ್ರಿ.ಶ. 1200ರ ಸುಮಾರಿನದೆಂದು ವಿದ್ವಾಂಸರು ಹೇಳುವ, ತೇದಿಯಿಲ್ಲದ ದೀರ್ಘ ಶಾಸನ. ಏಕಾಂತದ ರಾಮಯ್ಯನೆಂಬ ಶಿವಭಕ್ತನ ಚರಿತ್ರೆಯೇ ಅದರ ವಸ್ತು.

ಶಾಸನವು ಹೇಳುವ ಕಥೆ ಹೀಗಿದೆ. ಅಲಂದೆಯಲ್ಲಿ, ಎಂದರೆ ಇಂದಿನ ಆಳಂದದಲ್ಲಿ ಹುಟ್ಟಿದ ರಾಮಯ್ಯನು ತೀರ್ಥಕ್ಷೇತ್ರಗಳನ್ನು ಸಂದರ್ಶಿಸುತ್ತ ಪುಲಿಗೆರೆಗೆ ಬರುತ್ತಾನೆ. ಪುಲಿಗೆರೆಯೆಂದರೆ ಸವಣೂರಿನ ಈಶಾನ್ಯಕ್ಕಿರುವ ಇಂದಿನ ಲಕ್ಷ್ಮೇಶ್ವರ; ಶೈವರಿಗೂ ಜೈನರಿಗೂ ಏಕಕಾಲಕ್ಕೆ ಪವಿತ್ರವಾಗಿದ್ದ ನೆಲ. ಅಲ್ಲಿಂದ ಅವನು ಅಬ್ಬಲೂರಿಗೆ ಬಂದಾಗ, ಊರ ಪ್ರಮುಖನಾದ ಶಂಕಗಾವುಂಡನೂ ಇತರ ಜೈನರೂ ಅವನೊಡನೆ ವಾದಕ್ಕೆ ನಿಲ್ಲುತ್ತಾರೆ. ವಾದವು ಪಣಕ್ಕೆ ತಿರುಗುತ್ತದೆ. ರಾಮಯ್ಯನು ತನ್ನ ತಲೆಯನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಬಸದಿಯಲ್ಲಿ ಜಿನಬಿಂಬದ ಸ್ಥಾನದಲ್ಲಿ ಶಿವಪ್ರತಿಷ್ಠೆಯಾಗಬೇಕೆಂದು ಓಲೆಯೂ ಬರೆಯಲ್ಪಡುತ್ತದೆ. ಅವನು ತಲೆಯನ್ನರಿದು ಅರ್ಪಿಸುತ್ತಾನೆ. ಏಳನೆಯ ದಿನ ತಲೆ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಜೈನರು ಬಸದಿಯನ್ನು ಬಿಟ್ಟುಕೊಡಲು ಒಪ್ಪದೆ ಆಳು ಕುದುರೆಗಳನ್ನು ಒಡ್ಡುತ್ತಾರೆ. ರಾಮಯ್ಯನು ಕಾದಿ ಗೆದ್ದು, ಜಿನಬಿಂಬವನ್ನು ಒಡೆದು ಲಿಂಗವನ್ನು ಸ್ಥಾಪಿಸುತ್ತಾನೆ.

ಶಾಸನ ಇಷ್ಟಕ್ಕೆ ನಿಲ್ಲುವುದಿಲ್ಲ. ದೇವಾಲಯದೊಳಗೆ ಈ ಘಟನೆಗಳನ್ನು ಶಿಲ್ಪವಾಗಿ ಬಿಡಿಸಿ, ಕೆಳಗೆ ‘ಇದು ಇಂಥ ದೃಶ್ಯ’ ಎಂದು ತಿಳಿಸುವ ಚಿಕ್ಕ ಬರಹಗಳನ್ನೂ ಕೊರೆಯಲಾಗಿದೆ. ತಲೆಯನ್ನರಿಯುವ ದೃಶ್ಯ ಒಂದು. ಶಂಕಗಾವುಂಡನು ತಡೆಯೊಡ್ಡಿದ್ದು, ರಾಮಯ್ಯನು ಕಾದಿ ಗೆದ್ದು ಬಿಂಬವನ್ನೊಡೆದುದು ಇನ್ನೊಂದು. ಪಾತ್ರಗಳಿಗೆ ಹೆಸರಿದೆ, ದೃಶ್ಯಗಳಿಗೆ ಕ್ರಮವಿದೆ, ನೋಡುಗನಿಗೆ ತಿಳಿಯದೆ ಹೋಗಬಾರದೆಂಬ ಎಚ್ಚರವಿದೆ. ಕಲ್ಲಿನಲ್ಲಿ ಆಡಿಸಿದ ಐತಿಹಾಸಿಕ ನಾಟಕವೆಂದು ಇದನ್ನು ಕರೆಯುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಕಡಿದ ತಲೆ ಮರಳಿ ಬಂದುದನ್ನು ಇತಿಹಾಸವು ಪರೀಕ್ಷಿಸಲಾರದು. ಬಸದಿಯೊಂದು ಕೈತಪ್ಪಿದುದು, ಆ ಕುರಿತು ಕಲಹವಾದುದು, ದೂರು ಅರಸನ ತನಕ ಹೋದುದು, ಇವನ್ನು ಅದು ಪರೀಕ್ಷಿಸಬಲ್ಲದು. ಇಲ್ಲಿಯೇ ನಾಟಕಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ದೃಶ್ಯ ಬರುತ್ತದೆ. ಬಸದಿಯನ್ನು ಕಳೆದುಕೊಂಡ ಜೈನರು ಬಿಜ್ಜಳನಲ್ಲಿ ಮೊರೆಯಿಡುತ್ತಾರೆ. ಬಿಜ್ಜಳನು ರಾಮಯ್ಯನನ್ನು ಕರೆಸಿ, ಹೀಗೇಕೆ ಮಾಡಿದೆಯೆಂದು ಕೇಳುತ್ತಾನೆ. ರಾಮಯ್ಯನು ಓಲೆಯನ್ನು ಮುಂದಿಟ್ಟು, ಬೇಕಾದರೆ ಮತ್ತೊಮ್ಮೆ ಪಣ ತೊಡಲಿ, ಪುಲಿಗೆರೆಯ ಆನೆಸೆಜ್ಜೆಯ ಬಸದಿ ಮೊದಲಾದ ಬಸದಿಗಳನ್ನು ಒಡ್ಡಲಿ ಎನ್ನುತ್ತಾನೆ. ಜೈನರು ಒಪ್ಪುವುದಿಲ್ಲ. ಕಳೆದುಕೊಂಡ ಒಂದಕ್ಕಾಗಿ ಬಂದಿದ್ದೇವೆಯೇ ಹೊರತು ಉಳಿದವನ್ನು ಪಣಕ್ಕಿಡಲು ಬಂದಿಲ್ಲವೆಂಬುದು ಅವರ ನಿಲುವು. ಆಗ ಬಿಜ್ಜಳನು, ಇನ್ನು ಕಲಹ ಬೆಳೆಸದೆ ಬಾಳಿರೆಂದು ಅವರಿಗೆ ಹೇಳಿ, ತುಂಬಿದ ಸಭೆಯಲ್ಲಿ ರಾಮಯ್ಯನಿಗೆ ಜಯಪತ್ರವನ್ನು ಕೊಡುತ್ತಾನೆ. ಅಷ್ಟೇ ಅಲ್ಲ, ಅಬ್ಬಲೂರಿನ ವೀರಸೋಮನಾಥ ದೇವರಿಗೆ ಗೋಗಾವೆಯೆಂಬ ಗ್ರಾಮವನ್ನು ದತ್ತಿ ಬಿಡುತ್ತಾನೆ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ, ಬಳಿಕ ಹಾನಗಲ್ಲಿನ ಕದಂಬ ಕಾಮದೇವನೂ ಅದೇ ದೇವರಿಗೆ ಊರುಗಳನ್ನು ಕೊಟ್ಟರೆಂದು ಶಾಸನ ದಾಖಲಿಸುತ್ತದೆ.

ಶಿವಭಕ್ತರ ವೈರಿಯೆಂದು, ಜೈನ ಪಕ್ಷಪಾತಿಯೆಂದು ರಂಗದ ಮೇಲೆ ಕಿರೀಟ ಧರಿಸಿ ಬರುವ ಬಿಜ್ಜಳನೆಲ್ಲಿ, ಜೈನರ ದೂರನ್ನು ತಳ್ಳಿ ಶೈವನಿಗೆ ಜಯಪತ್ರ ಕೊಟ್ಟು ಶಿವಾಲಯಕ್ಕೆ ಊರು ಬಿಟ್ಟ ಈ ಬಿಜ್ಜಳನೆಲ್ಲಿ! ಶೈವರೇ ಬರೆಯಿಸಿದ, ಬಿಜ್ಜಳನ ಕಾಲಕ್ಕೆ ನಾಲ್ಕು ದಶಕಗಳೊಳಗೆ ಹುಟ್ಟಿದ ದಾಖಲೆ ಇದು. ಕಳಚುರಿ ಅರಸರು ಸುವರ್ಣ ವೃಷಭಧ್ವಜವನ್ನು ಬಿರುದಾಗಿ ಹೊತ್ತವರು; ಬಿಜ್ಜಳನ ಕಾಲದ ಶಾಸನಗಳಲ್ಲಿ ಶಿವಾಲಯಗಳಿಗೆ ಬಿಟ್ಟ ದತ್ತಿಗಳು ಕಂಡುಬರುತ್ತವೆ. ಪಿ. ಬಿ. ದೇಸಾಯಿಯವರಂಥ ಶಾಸನತಜ್ಞರು ಬಿಜ್ಜಳನು ಜೈನನೆಂಬ ಮಾತನ್ನು ಒಪ್ಪದೆ ಹೋದುದು ಇಂಥ ಆಧಾರಗಳಿಂದಲೇ.

ಹಾಗಿದ್ದರೆ ಅವನನ್ನು ಜೈನನನ್ನಾಗಿ ಮಾಡಿದವರಾರು? ಇಲ್ಲಿ ಬೆರಳನ್ನು ಒಂದೇ ಕಡೆಗೆ ತೋರಿಸಿದರೆ ಸತ್ಯಕ್ಕೆ ಅಪಚಾರವಾದೀತು. ನಂತರದ ಶತಮಾನಗಳ ವೀರಶೈವ ಪುರಾಣಗಳಲ್ಲಿ ಆ ಚಿತ್ರ ಬೆಳೆದುದು ನಿಜ. ಆದರೆ ಹದಿನೇಳನೆಯ ಶತಮಾನದಲ್ಲಿ ಧರಣಿಪಂಡಿತನೆಂಬ ಜೈನಕವಿಯು ರಚಿಸಿದ ‘ಬಿಜ್ಜಳರಾಯ ಚರಿತೆ’ಯೂ ಬಿಜ್ಜಳನನ್ನು ಜೈನನೆಂದೇ ಹೇಳಿಕೊಂಡಿತು. ಅಲ್ಲಿ ಬಸವಣ್ಣನೇ ಕುಟಿಲ. ಅರಸನು ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ವಿಷದ ಹಣ್ಣಿನಿಂದ ಸಾಯುತ್ತಾನೆ. ಒಂದು ಪಕ್ಷವು ತನ್ನ ಶತ್ರುವನ್ನಾಗಿ, ಮತ್ತೊಂದು ಪಕ್ಷವು ತನ್ನ ಹುತಾತ್ಮನನ್ನಾಗಿ ಒಬ್ಬನೇ ಅರಸನನ್ನು ರೂಪಿಸಿಕೊಂಡವು. ಶ್ರಾವಕನು ರಂಗದ ಮೇಲಿನ ಜೈನ ಬಿಜ್ಜಳನನ್ನು ನೋಡಿ ನೊಂದುಕೊಳ್ಳುವಾಗ, ಆ ವೇಷಕ್ಕೆ ಬೇಕಾದ ಬಟ್ಟೆಯಲ್ಲಿ ಅರ್ಧ ತನ್ನ ಮನೆಯಿಂದಲೂ ಹೋಗಿದೆಯೆಂಬುದನ್ನು ಮರೆಯುವಂತಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಟಕಕಾರರು ಕಲ್ಯಾಣವನ್ನು ಮತ್ತೆ ಮತ್ತೆ ರಂಗಕ್ಕೆ ತಂದರು. ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990), ಇವು ಭಕ್ತಿನಾಟಕಗಳಲ್ಲ; ಪ್ರಶ್ನೆ ಕೇಳುವ ನಾಟಕಗಳು. ಮಂಡಲ ವರದಿ ಮತ್ತು ಮಂದಿರ ಚಳವಳಿಗಳ ಬಿಸಿಯ ದಿನಗಳಲ್ಲಿ ‘ತಲೆದಂಡ’ ಹುಟ್ಟಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದಕ್ಕೂ ಮೊದಲೇ, 1992ರಲ್ಲಿ, ಇಬ್ರಾಹಿಂ ಅಲ್ಕಾಜಿಯವರು ಅದನ್ನು ದೆಹಲಿಯಲ್ಲಿ ‘ರಕ್ತ ಕಲ್ಯಾಣ’ವೆಂದು ಹಿಂದಿಯಲ್ಲಿ ಆಡಿಸಿದ್ದರು. ಆ ನಾಟಕದ ಬಿಜ್ಜಳನು ಜೈನನಲ್ಲ. ಹುಟ್ಟಿನ ಹೀನಾಯದ ನೋವನ್ನು ನುಂಗಿದ, ಬಸವಣ್ಣನನ್ನು ಒಳಗೊಳಗೆ ಗೌರವಿಸುವ ಅರಸ. ಮತ್ತೂ ಗಮನಾರ್ಹವಾದುದೆಂದರೆ, ಕೆಲವು ಶರಣರು ಬಸದಿಯೊಂದನ್ನು ವಶಪಡಿಸಿಕೊಳ್ಳಹೊರಟ ಸುದ್ದಿ ತಿಳಿದು ಬಸವಣ್ಣನು ಅದನ್ನು ತಡೆಯಲು ಧಾವಿಸುವ ಪ್ರಸಂಗ ಅಲ್ಲಿದೆ. ಅಬ್ಬಲೂರಿನ ನೆನಪು ಕಾರ್ನಾಡರ ಮನಸ್ಸಿನ ಮೂಲೆಯಲ್ಲಿತ್ತೋ ಇಲ್ಲವೋ ಹೇಳಲಾಗದು. ಆದರೆ ಶರಣರ ಪಾಳೆಯದೊಳಗಿನಿಂದಲೇ ಬಸದಿಯ ಪರವಾಗಿ ಒಂದು ದನಿ ಏಳುವುದನ್ನು ಕೇಳಿದ ಶ್ರಾವಕನಿಗೆ, ಕಂಪನಿ ನಾಟಕದ ರಾತ್ರಿಗಳಲ್ಲಿ ದೊರೆಯದ ಒಂದು ಸಮಾಧಾನ ಇಲ್ಲಿ ದೊರೆತಿರಬೇಕು.

‘ಮಹಾಚೈತ್ರ’ದ ಅನುಭವ ಬೇರೆಯಾಯಿತು. ರಂಗದ ಮೇಲೆ ಹಲವು ಪ್ರದರ್ಶನಗಳನ್ನು ಕಂಡಿದ್ದ ಆ ನಾಟಕವು ವಿಶ್ವವಿದ್ಯಾಲಯದ ಪಠ್ಯವಾದಾಗ, 1990ರ ದಶಕದ ನಡುವಿನಲ್ಲಿ, ಬಸವಾದಿ ಶರಣರಿಗೆ ಅವಮಾನವಾಯಿತೆಂಬ ತೀವ್ರ ವಿರೋಧ ಎದ್ದಿತು. ಇಲ್ಲಿ ನೊಂದವರು ಜೈನರಲ್ಲ, ಬಸವಣ್ಣನನ್ನು ಪೂಜಿಸುವವರು. ಅಂದರೆ ನೋಯುವ ಸರದಿ ಎಲ್ಲರಿಗೂ ಬರುತ್ತದೆ. ನಾಟಕವನ್ನು ಇಡಿಯಾಗಿ ಕಂಡವರಿಗಿಂತ ಪುಸ್ತಕದಿಂದ ಕಿತ್ತ ಮಾತುಗಳನ್ನು ಕೇಳಿದವರಲ್ಲಿ ಕೋಪ ಬೇಗ ಹೊತ್ತಿಕೊಳ್ಳುತ್ತದೆಯೆಂಬುದನ್ನೂ ಆ ಪ್ರಕರಣ ಸೂಚಿಸುತ್ತದೆ. ರಂಗದ ಮೇಲೆ ಒಂದು ಪಾತ್ರ ಆಡಿದ ಕಟು ಮಾತಿಗೆ ಇನ್ನೊಂದು ಪಾತ್ರ ಉತ್ತರ ಕೊಡುತ್ತದೆ. ಕಿತ್ತ ಸಾಲಿಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಇದು ಕನ್ನಡನಾಡಿಗೇ ಮೀಸಲಾದ ಪಾಡಲ್ಲ. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೇಟಸ್ ನಗರವನ್ನು ನಾಶಮಾಡಿದರು. ಅದಾದ ಸ್ವಲ್ಪ ಕಾಲದಲ್ಲಿಯೇ ಫ್ರಿನಿಕಸನೆಂಬ ಕವಿ ಆ ಪತನವನ್ನೇ ಅಥೆನ್ಸಿನಲ್ಲಿ ನಾಟಕವಾಗಿ ಆಡಿಸಿದ. ಸಭೆಯೆಲ್ಲ ಗೊಳೋ ಎಂದು ಅತ್ತಿತು. ತಮ್ಮವರದೇ ದುಃಖವನ್ನು ನೆನಪಿಸಿದನೆಂದು ಅಥೆನ್ಸಿನವರು ಅವನಿಗೆ 1000 ದ್ರಾಕ್ಮಾ ದಂಡ ವಿಧಿಸಿ, ಆ ನಾಟಕವನ್ನು ಮತ್ತೆ ಯಾರೂ ಆಡಕೂಡದೆಂದು ಕಟ್ಟುಮಾಡಿದರೆಂದು ಹೆರೊಡೋಟಸ್ ಬರೆದಿದ್ದಾನೆ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಖಾಡಿಲಕರರ ಮರಾಠಿ ‘ಕೀಚಕವಧ’ವನ್ನು (1907) ನೋಡಿದ ಜನರು ಕೀಚಕನಲ್ಲಿ ಲಾರ್ಡ್ ಕರ್ಜನನನ್ನು ಕಂಡರು, ಸರಕಾರವು 1910ರಲ್ಲಿ ಅದನ್ನು ನಿಷೇಧಿಸಿತು. ಅಲ್ಲಿ ಕವಿ ಹೇಳದೆ ಬಿಟ್ಟುದನ್ನು ನೋಡುಗರೇ ತುಂಬಿಕೊಂಡಿದ್ದರು. ನಾಟಕದ ಅರ್ಥ ರಂಗದ ಮೇಲೆ ಅರ್ಧ, ಚಾಪೆಯ ಮೇಲೆ ಅರ್ಧ.

ಈ ಚಾಪೆಯ ಮೇಲಿನ ಅರ್ಧದ ವಿಷಯದಲ್ಲಿ ಭಾರತೀಯ ಕಾವ್ಯಮೀಮಾಂಸೆಯು ಸಾಕಷ್ಟು ಆಲೋಚಿಸಿದೆ. ರಸಾನುಭವಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ನೋಡುಗನು ರಂಗದ ಸುಖದುಃಖಗಳನ್ನು ‘ಇದು ನನ್ನದು’ ಅಥವಾ ‘ಇದು ಅವನದು’ ಎಂದು ಒಂದು ದೇಶಕ್ಕೆ, ಒಂದು ಕಾಲಕ್ಕೆ ಕಟ್ಟಿಹಾಕುವುದನ್ನೂ ಒಂದು ವಿಘ್ನವಾಗಿ ಹೇಳಿದ್ದಾನೆ. ಈ ಕಟ್ಟು ಸಡಿಲವಾದಾಗಲೇ ರಸ. ಆದರೆ ಐತಿಹಾಸಿಕ ನಾಟಕದಲ್ಲಿ ಆ ಕಟ್ಟು ಸುಲಭವಾಗಿ ಸಡಿಲುವುದಿಲ್ಲ. ಈ ಕಷ್ಟವನ್ನು ಹೆಚ್ಚು ಪ್ರಾಮಾಣಿಕವಾಗಿ ಎದುರಿಸಿದವರು ಜೈನ ಲಾಕ್ಷಣಿಕರೆಂದೇ ತೋರುತ್ತದೆ. ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು ಹನ್ನೆರಡನೆಯ ಶತಮಾನದಲ್ಲಿ, ಎಂದರೆ ಹೆಚ್ಚುಕಡಿಮೆ ಬಿಜ್ಜಳನ ಕಾಲದಲ್ಲಿಯೇ, ಗುಜರಾತಿನಲ್ಲಿ ‘ನಾಟ್ಯದರ್ಪಣ’ವನ್ನು ರಚಿಸಿದರು. ರಸವೆಲ್ಲ ಆನಂದವೇ ಎಂಬ ಮತವನ್ನು ಅವರು ಒಪ್ಪಲಿಲ್ಲ. ಕರುಣ, ರೌದ್ರ, ಬೀಭತ್ಸ, ಭಯಾನಕಗಳು ನಿಜವಾಗಿಯೂ ದುಃಖವನ್ನೇ ಕೊಡುತ್ತವೆ. ಆದರೂ ಜನರು ಕವಿಯ ಹಾಗೂ ನಟನ ಶಕ್ತಿಗೆ ಬೆರಗಾಗಿ ನೋಡುತ್ತಾರೆ ಎಂದರು. ಅದಕ್ಕೆ ಅವರು ಕೊಟ್ಟ ಹೋಲಿಕೆ ವಿಚಿತ್ರವಾದುದು: ಶೂರನಾದವನು ತಲೆಯನ್ನೇ ಕತ್ತರಿಸಬಲ್ಲ ವೈರಿಯ ಕೈಚಳಕಕ್ಕೂ ವಿಸ್ಮಯಪಡುತ್ತಾನಂತೆ.

ಈ ಮಾತಿನ ಬೆಳಕಿನಲ್ಲಿ ಶ್ರಾವಕನ ಪ್ರಶ್ನೆಗೆ ಒಂದು ದಾರಿ ಕಾಣುತ್ತದೆ. ನೋವಾಗುವುದಿಲ್ಲವೆಂದು ಅವನು ನಟಿಸಬೇಕಾಗಿಲ್ಲ, ನೋವು ನಿಜ. ಆದರೆ ನೊಂದವನು ಕಣ್ಣು ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಎದುರಿಗಿದ್ದವನ ಕಲೆಯನ್ನು, ಅವನ ಶ್ರದ್ಧೆಯ ಆಳವನ್ನು ನೋವಿನ ಜೊತೆಜೊತೆಗೇ ನೋಡಬಹುದು. ತಲೆಯನ್ನರಿದು ಕೊಟ್ಟ ರಾಮಯ್ಯನ ಎದೆಗಾರಿಕೆಯನ್ನು ಮೆಚ್ಚುತ್ತಲೇ ಬಿಂಬ ಒಡೆದುದನ್ನು ಒಪ್ಪದಿರಬಹುದು. ಅನೇಕಾಂತವೆಂದರೆ ಎಲ್ಲವೂ ಸರಿಯೆಂದು ತಲೆದೂಗುವುದಲ್ಲ. ಒಂದು ವಸ್ತುವಿನಲ್ಲಿ ಒಂದಕ್ಕಿಂತ ಹೆಚ್ಚು ಸತ್ಯಗಳಿವೆಯೆಂದು ಒಪ್ಪಿ, ಪ್ರತಿಯೊಂದನ್ನೂ ಅದರ ಅದರ ಅಪೇಕ್ಷೆಯಲ್ಲಿ ತೂಗುವುದು. ಗ್ರಂಥದಲ್ಲಿ ಓದುವಾಗ ಇದು ಸುಲಭ. ಸುತ್ತಲೂ ಸಾವಿರ ಜನ ಚಪ್ಪಾಳೆ ತಟ್ಟುವಾಗ ಕಠಿಣ.

ಸಭೆಯೆಲ್ಲ ಒಂದನ್ನು ಕಾಣುವಾಗ ತಾನೊಬ್ಬನೇ ಬೇರೊಂದನ್ನು ಕಂಡ ನೋಡುಗನ ಕಥೆಯಂತೂ ಜೈನ ಪುರಾಣದ ಹೃದಯದಲ್ಲಿಯೇ ಇದೆ. ಆದಿದೇವನ ಆಸ್ಥಾನದಲ್ಲಿ ನೀಲಾಂಜನೆ ನರ್ತಿಸುತ್ತಾಳೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂಥವಳನ್ನೇ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ಋಷಭನೊಬ್ಬನಿಗೆ ತಿಳಿಯುತ್ತದೆ. ಅವನು ಕೋಪಗೊಳ್ಳುವುದಿಲ್ಲ, ನೃತ್ಯವನ್ನು ನಿಲ್ಲಿಸುವುದಿಲ್ಲ, ಒಳಗೆ ತಿರುಗುತ್ತಾನೆ. ಪಂಪನ ‘ಆದಿಪುರಾಣ’ದಿಂದ (941) ಕನ್ನಡಿಗರಿಗೆ ಪರಿಚಿತವಾದ ಈ ಪ್ರಸಂಗಕ್ಕೆ ಮೂಲವಾದ ಮಹಾಪುರಾಣವು ಈ ಸೀಮೆಗೇ ಸಂಬಂಧಿಸಿದುದು. ಜಿನಸೇನಾಚಾರ್ಯರು ಆರಂಭಿಸಿ ಗುಣಭದ್ರಾಚಾರ್ಯರು ಪೂರೈಸಿದ ಆ ಕೃತಿಗೆ ಶಕ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿನಲ್ಲಿ, ಪೂಜೆ ಸಂದುದು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ. ಬನವಾಸಿ ನಾಡನ್ನು ಲೋಕಾದಿತ್ಯನು ಆಳುತ್ತಿದ್ದ, ಅವನ ತಂದೆ ಬಂಕೆಯನ ಹೆಸರಿನ ನಗರವದು.

ನಾಟಕವು ಅತಿಯಾಗಿ ನಾಟಿದಾಗ ಏನಾಗುತ್ತದೆಂಬುದನ್ನೂ ಜೈನ ಕಥಾಕಾರರು ಹೇಳದೆ ಬಿಟ್ಟಿಲ್ಲ. ಶ್ವೇತಾಂಬರ ಪರಂಪರೆಯ ‘ಪಿಂಡನಿರ್ಯುಕ್ತಿ’ಯ ವ್ಯಾಖ್ಯಾನದಲ್ಲಿ ಆಷಾಢಭೂತಿಯ ಕಥೆಯಿದೆ. ಮುನಿದೀಕ್ಷೆಯನ್ನು ಬಿಟ್ಟು ನಟನಾದ ಅವನು ಭರತ ಚಕ್ರವರ್ತಿಯ ಚರಿತ್ರೆಯನ್ನು ‘ರಾಷ್ಟ್ರಪಾಲ’ವೆಂಬ ನಾಟಕವಾಗಿ ಐನೂರು ಕ್ಷತ್ರಿಯ ಕುಮಾರರೊಡನೆ ಆಡುತ್ತಾನೆ. ಭರತನಿಗೆ ವೈರಾಗ್ಯ ಬರುವ ದೃಶ್ಯದಲ್ಲಿ ನಟರಿಗೇ ವೈರಾಗ್ಯ ಬಂದು ಎಲ್ಲರೂ ಸಂಸಾರವನ್ನು ತೊರೆಯುತ್ತಾರೆ. ಹೀಗೇ ಆಡುತ್ತ ಹೋದರೆ ಭೂಮಿಯ ಮೇಲೆ ಕ್ಷತ್ರಿಯರೇ ಉಳಿಯಲಾರರೆಂದು ಹೆದರಿದ ಜನರು ಆ ನಾಟಕದ ಪ್ರತಿಯನ್ನು ಸುಟ್ಟುಹಾಕುತ್ತಾರೆ. ಅಥೆನ್ಸಿನವರು ದುಃಖಕ್ಕೆ ಹೆದರಿದರೆ ಇವರು ವೈರಾಗ್ಯಕ್ಕೆ ಹೆದರಿದರು! ಪುಸ್ತಕ ಸುಡುವ ಚಾಳಿ ಎಷ್ಟು ಹಳೆಯದೆಂಬುದಕ್ಕೂ ಈ ಕಥೆಯನ್ನು ನೆನೆಯಬಹುದು.

ಬಂಕಾಪುರದ ಮಾತು ಬಂದುದರಿಂದ ಅಲ್ಲಿಯ ಇನ್ನೊಂದು ಘಟನೆಯನ್ನೂ ಇಲ್ಲಿ ಸ್ಮರಿಸಬೇಕು. ಅನೇಕ ಯುದ್ಧಗಳನ್ನು ಗೆದ್ದ ಗಂಗ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, 974ರ ಸುಮಾರಿನಲ್ಲಿ ಬಂಕಾಪುರದ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತವನ್ನು ನೋಂತು ಸಲ್ಲೇಖನದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುವಾಗಿದ್ದವರು ಇದೇ ಅಜಿತಸೇನರು. ಇದನ್ನು ರಂಗಕ್ಕೆ ತಂದರೆ ಇಂದಿನ ನೋಡುಗರು ಹೇಗೆ ಸ್ವೀಕರಿಸುವರು? 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನಾಗಿ ಕಂಡು ದಂಡನೀಯವೆಂದಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಬಲ್ಲವರ ನಡುವೆಯೇ ಇಷ್ಟು ಭಿನ್ನ ದೃಷ್ಟಿಗಳಿರುವಾಗ, ಮಾರಸಿಂಹನ ಕೊನೆಯ ಮೂರು ದಿನಗಳನ್ನು ಕಂಡ ಸಭೆಯಲ್ಲಿ ಯಾರೋ ಒಬ್ಬ ಸಜ್ಜನನು ‘ಇದು ಸರಿಯೇ?’ ಎಂದು ಕೇಳಿದರೆ ಅದನ್ನು ಧರ್ಮನಿಂದೆಯೆಂದು ತಿಳಿಯಲಾಗದು. ತನ್ನ ಪ್ರಶ್ನೆಗೆ ಬಸವಭಕ್ತನು ತಾಳ್ಮೆಯಿಂದ ಕಿವಿಗೊಡಲೆಂದು ಬಯಸುವ ಶ್ರಾವಕನು ಅಂಥ ಪ್ರಶ್ನೆಗೆ ತಾನೂ ಕಿವಿಗೊಡಬೇಕಾಗುತ್ತದೆ.

ಕಲಹದ ದೃಶ್ಯಗಳು ರಂಗಕ್ಕೆ ಬೇಗ ಒದಗುತ್ತವೆ, ಸಹಬಾಳ್ವೆಯ ದೃಶ್ಯಗಳು ಒದಗುವುದಿಲ್ಲವೆಂಬ ಮಾತೊಂದಿದೆ. ಆದರೆ 1368ರ ಬುಕ್ಕರಾಯನ ಶಾಸನದಲ್ಲಿ ನಾಟಕಕ್ಕೆ ಯಾವ ಕೊರತೆಯಿದೆ? ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಅರಸನು ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿತ್ತು, ಇಬ್ಬರಲ್ಲಿ ಭೇದವಿಲ್ಲವೆಂದು 18 ನಾಡುಗಳ ಸಮಕ್ಷದಲ್ಲಿ ಸಾರುತ್ತಾನೆ. ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಭಾರವನ್ನು ಹೊತ್ತವನು ತಿರುಮಲೆಯ ತಾತಯ್ಯ, ಒಬ್ಬ ಶ್ರೀವೈಷ್ಣವ. ಅಬ್ಬಲೂರಿನ ಶಿಲ್ಪಿಯಂಥವನೊಬ್ಬ ಆ ಕೈ ಕೂಡಿಸಿದ ದೃಶ್ಯವನ್ನು ಕಡೆದಿದ್ದರೆ ಅದೂ ಜನರ ಕಣ್ಣಿನಲ್ಲಿ ನಿಲ್ಲುತ್ತಿತ್ತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಬಂಕಾಪುರದಲ್ಲಿಯೇ ಶಕ 977ರ, ಎಂದರೆ ಕ್ರಿ.ಶ. 1055ರ ಶಾಸನವೊಂದಿದೆ. ಚಾಲುಕ್ಯರ ಅಧೀನದಲ್ಲಿದ್ದ ಕದಂಬ ಹರಿಕೇಸರಿದೇವನೂ ಅವನ ರಾಣಿ ಲಚ್ಚಲದೇವಿಯೂ ಒಂದು ಬಸದಿಗೆ ದತ್ತಿ ಬಿಟ್ಟುದನ್ನು ಅದು ಹೇಳುತ್ತದೆ. ದತ್ತಿಯಲ್ಲಿ ಅವರ ಜೊತೆಗೂಡಿದವರು ಬಂಕಾಪುರದ ಪಂಚಮಠಗಳ ಸಮೂಹ, ನಗರದ ವರ್ತಕ ಸಂಘ, ಹದಿನಾರು ಮಂದಿ ಪ್ರಮುಖರು. ಅಬ್ಬಲೂರಿನ ಘಟನೆಗೆ ನೂರು ವರ್ಷ ಮೊದಲಿನ, ಅಲ್ಲಿಂದ ಒಂದೆರಡು ದಿನದ ಕಾಲುದಾರಿಯ ಸಂಗತಿ ಇದು. ಪಂಚಮಠಗಳವರು ಬಸದಿಗೆ ದತ್ತಿ ಕೊಡಲು ಒಟ್ಟಾಗಿ ಕುಳಿತ ಆ ಸಭೆಯಲ್ಲಿ ಯಾರು ಏನು ಮಾತನಾಡಿದರು, ಯಾರು ಮೊದಲು ಒಪ್ಪಿದರು, ಯಾರು ತಡೆದರು, ಇವೆಲ್ಲ ಕಲ್ಲಿನಲ್ಲಿ ಬರೆದಿಲ್ಲ. ನಾಟಕಕಾರನಿಗೆ ಬಿಟ್ಟ ಜಾಗ ಅದು.

ಅಬ್ಬಲೂರಿನ ಶಿಲ್ಪದಲ್ಲಿ ಶಂಕಗಾವುಂಡನು ಆಳು ಕುದುರೆಗಳೊಡನೆ ಬಸದಿಗೆ ಅಡ್ಡವಾಗಿ ನಿಂತವನು ಇನ್ನೂ ಹಾಗೆಯೇ ನಿಂತಿದ್ದಾನೆ. ಸೋತವನ ಹೆಸರನ್ನೂ ತಪ್ಪದೆ ಕೊರೆದಿದ್ದಾರೆ, ಗೆದ್ದವರು.